ಗೆರೆ ಯಾರದು, ಸಹಿ ಯಾರದು

ಬೆಂಗಳೂರಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯೊಂದರ ನೆಲಮಾಳಿಗೆ. ಮೆಟ್ಟಿಲಿಳಿಯುತ್ತಲೇ ಫಿನಾಯಿಲ್ ವಾಸನೆ, ಅದರ ಬೆನ್ನಿಗೇ ಯಾರೋ ಬಿಚ್ಚಿದ ಬುತ್ತಿಯಿಂದ ಶೇಂಗಾ ಚಟ್ನಿಯ ಘಮ. ಗೋಡೆಯುದ್ದಕ್ಕೂ ಸ್ಟೀಲ್ ಬೆಂಚುಗಳು. ಕೆಳಗೆ ಸುತ್ತಿಟ್ಟ ಚಾಪೆ, ನೀರಿನ ಬಾಟಲಿ, ಸ್ಕ್ಯಾನ್ ರಿಪೋರ್ಟು ತುರುಕಿದ ಬಟ್ಟೆ ಅಂಗಡಿಯ ಚೀಲಗಳು. "ನಿಮ್ಗೆ ಎಷ್ಟು ಕರೆಂಟ್ ಆಯ್ತು?" "ಹನ್ನೆರಡು. ನಿಮ್ಗೆ?" ಎಂದು ಗುರುತಿಲ್ಲದವರೂ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಕರೆಂಟ್ ಎಂದರೆ ಇಲ್ಲಿ ವಿಕಿರಣ ಚಿಕಿತ್ಸೆ.

ಒಳಕೋಣೆಯ ಬಾಗಿಲ ಪಕ್ಕ ಸದ್ದಿಲ್ಲದೆ ನಿಂತು ನೋಡಿ. ತೊಟ್ಟಿಯ ಬಿಸಿನೀರು ಹಬೆಯಾಡುತ್ತಿದೆ. ಟೆಕ್ನಿಷಿಯನ್ ಹುಡುಗಿ ತೂತುತೂತಿನ ಗಟ್ಟಿ ಪ್ಲಾಸ್ಟಿಕ್ ಹಾಳೆಯನ್ನು ಅದರಲ್ಲಿ ಮುಳುಗಿಸಿ, ಮೆತ್ತಗಾಗಿ ಜೋಲುವಾಗ ಎತ್ತಿ, "ಬಿಸಿ ತಾಗುತ್ತೆ ಅಮ್ಮ, ಸುಡಲ್ಲ, ಕಣ್ಣು ಮುಚ್ಚಿ" ಎನ್ನುತ್ತಲೇ ಅಂಗಾತ ಮಲಗಿದ ಹೆಂಗಸಿನ ಮುಖದ ಮೇಲೆಳೆದು, ಮೂಗು, ಗದ್ದ, ಕತ್ತಿನ ತಗ್ಗುಗಳಿಗೆ ಬೆರಳಿನಿಂದ ಒತ್ತಿ ಕೂರಿಸುತ್ತಾಳೆ. ಅದು ಆರಿ ಬಿಗಿಯುವವರೆಗೆ ಆ ತಾಯಿ ಅಲ್ಲಾಡುವಂತಿಲ್ಲ. ಕೈಬೆರಳು ಮಾತ್ರ ಸೀರೆಯಂಚನ್ನು ಹೊಸೆಯುತ್ತಿವೆ. ಈ ಮಾಸ್ಕ್ ತೊಟ್ಟೇ ಸ್ಕ್ಯಾನ್, ಇದನ್ನು ತೊಟ್ಟೇ ವಾರಕ್ಕೆ ಐದು ದಿನದಂತೆ ಏಳು ವಾರದ ಚಿಕಿತ್ಸೆ. ಗಂಟಲಿನ ಕ್ಯಾನ್ಸರಾದರೆ ಸಾಮಾನ್ಯವಾಗಿ 35 ಸಲಕ್ಕೆ ಹಂಚಿದ 70 ಗ್ರೇ ವಿಕಿರಣ.

ಪಕ್ಕದ ಕೋಣೆಯಲ್ಲಿ ಎ.ಸಿ. ಚಳಿ, ಅರೆಗತ್ತಲು. ಪರದೆಯ ಮೇಲೆ ತಲೆ, ಕತ್ತಿನ ಬೂದುಬಣ್ಣದ ಚಿತ್ರಗಳು ಒಂದರ ಹಿಂದೊಂದು ಸರಿಯುತ್ತವೆ; ಮೂರು ಮಿಲಿಮೀಟರಿಗೊಂದರಂತೆ ನೂರಕ್ಕೂ ಹೆಚ್ಚು. ಒಂದೊಂದರಲ್ಲೂ ಗಡ್ಡೆ ಎಲ್ಲಿದೆ, ಬೆನ್ನುಹುರಿ ಎಲ್ಲಿದೆ, ಜೊಲ್ಲುಗ್ರಂಥಿ ಎಲ್ಲಿದೆ ಎಂದು ವೈದ್ಯರು ಗೆರೆ ಎಳೆದು ಗುರುತಿಸಬೇಕು. ಗಂಟೆಗಟ್ಟಲೆ ಹಿಡಿಯುತ್ತಿದ್ದ ಈ ಕೆಲಸದಲ್ಲಿ ಅಂಗಗಳ ಗೆರೆಗಳನ್ನೆಲ್ಲ ಈಗ ಎಐ ಕೆಲವೇ ನಿಮಿಷಗಳಲ್ಲಿ ಎಳೆದಿಡುತ್ತದೆ. ಹಸಿರು, ಹಳದಿ, ನೇರಳೆ ಗೆರೆಗಳು ತಟತಟನೆ ಮೂಡುವುದನ್ನು ನೋಡಿದರೆ ಬೆರಗಾಗುತ್ತದೆ. ಆದರೆ ಅಗೋ, ಹಲ್ಲಿಗೆ ತುಂಬಿಸಿದ ಲೋಹದಿಂದಾಗಿ ಚಿತ್ರದಲ್ಲಿ ಬೆಳ್ಳನೆಯ ಬರೆಗಳೆದ್ದಿರುವ ಕಡೆ ಜೊಲ್ಲುಗ್ರಂಥಿಯ ಹಳದಿ ಗೆರೆ ಒಳಕ್ಕೆ ಜಾರಿದೆ. ವೈದ್ಯೆ ಚಿತ್ರ ದೊಡ್ಡದು ಮಾಡಿಕೊಂಡು, ಮೌಸ್‌ ಹಿಡಿದು ಗೆರೆಯನ್ನು ಕೂದಲೆಳೆಯಷ್ಟು ಹೊರಗೆ ತರುತ್ತಾರೆ. ಕಿವಿಯ ಬುಡದ ಈ ಗ್ರಂಥಿಗೆ ಬೀಳುವ ವಿಕಿರಣವನ್ನು ಸರಾಸರಿ 26 ಗ್ರೇ ಒಳಗೆ ಹಿಡಿದಿಡಲು ನೋಡುತ್ತಾರೆ. ಹೆಚ್ಚಾದರೆ ಬಾಯಿ ಒಣಗಿ, ಒಂದು ತುತ್ತು ರೊಟ್ಟಿ ಇಳಿಯಬೇಕಾದರೂ ನೀರು ಕುಡಿಯಬೇಕಾದ ಸ್ಥಿತಿ ವರ್ಷಗಟ್ಟಲೆ ಉಳಿಯಬಹುದು.

ಎಐ ಗೆರೆ ಎಳೆಯುವ ಈ ಸಂಗತಿಯನ್ನು ರೋಗಿಗೆ ಹೇಳಬೇಕೇ? ಹೇಳಲೇಬೇಕು ಎನ್ನುವವರ ಪೈಕಿ ಈ ವೈದ್ಯೆಯೂ ಒಬ್ಬರು. ನಾಳೆ ಮಾಸ್ಕ್ ಮಾಡಿಸಿಕೊಳ್ಳಬೇಕಾದ ಹಿರಿಯರೊಬ್ಬರು ಸಿಂಧನೂರಿನ ಕಡೆಯಿಂದ ಮಗನೊಂದಿಗೆ ಬಂದು ಎದುರಿಗೆ ಕೂತಿದ್ದಾರೆ. ಕನ್ನಡದಲ್ಲೇ ಅಚ್ಚಾದ ಒಪ್ಪಿಗೆ ಪತ್ರದ ಎರಡು ಹಾಳೆ ಮೇಜಿನ ಮೇಲಿವೆ. ವೈದ್ಯೆ ಪರದೆಯನ್ನು ಅವರತ್ತ ತಿರುಗಿಸಿ, ಬೇರೊಂದು ಹೆಸರಿಲ್ಲದ ಸ್ಕ್ಯಾನ್ ತೋರಿಸಿ, ಮೊದಲು ಕಂಪ್ಯೂಟರ್ ಏನು ಮಾಡುತ್ತದೆ, ಆಮೇಲೆ ತಾವೇನು ಮಾಡುತ್ತಾರೆ ಎಂದು ಬಿಡಿಸಿ ಹೇಳುತ್ತಾರೆ.

"ನಮ್ಮ ಹೊಲ ಹದ್ದುಬಸ್ತು ಮಾಡ್ದಂಗ ಆತು ಬಿಡ್ರಿ," ಎಂದು ಹಿರಿಯರು ತಲೆದೂಗುತ್ತಾರೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ರೀ ಮೇಡಂ, ಮಷೀನು ಗೆರಿ ತಪ್ಪಿ ಹೊಡದ್ರ ಯಾರ್ನ ಕೇಳ್ಬೇಕು?"

"ನನ್ನನ್ನೇ ಕೇಳ್ಬೇಕು ಯಜಮಾನ್ರೇ. ಪ್ರತಿಯೊಂದನ್ನೂ ನಾನು ನೋಡಿ ತಿದ್ದಿ ಸಹಿ ಹಾಕಿದ ಮೇಲೇ ಕರೆಂಟ್ ಶುರುವಾಗೋದು."

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2023ರಲ್ಲಿ ಹೊರತಂದ ಎಐ ಮಾರ್ಗಸೂಚಿಯ ಹತ್ತು ತತ್ವಗಳಲ್ಲಿ ಹೊಣೆಗಾರಿಕೆಯೂ ಇದೆ, ರೋಗಿಯ ಸ್ವಾಯತ್ತತೆಯೂ ಇದೆ. ಈ ಮೇಜಿನ ಮುಂದೆ ಅವೆರಡೂ ಒಂದು ಪ್ರಶ್ನೆ, ಒಂದು ಉತ್ತರದಲ್ಲಿ ಬಂದುಹೋದವು. ಅದಕ್ಕೆ ಬೇಕಾದದ್ದು ಸಮಯ. ಯಂತ್ರ ವೈದ್ಯರಿಗೆ ಉಳಿಸಿಕೊಡುವ ಗಂಟೆಗಳಲ್ಲಿ ಒಂದು ಪಾಲು ರೋಗಿಯ ಈ ಕುರ್ಚಿಗೆ ಸಲ್ಲಲೇಬೇಕು. ಹೊರಗಿನ ಬೆಂಚಿನ ಸಾಲು ಕಂಡರೆ ಹಾಗೆನ್ನಲು ಅಳುಕಾಗುತ್ತದೆ, ನಿಜ. ಆದರೂ ಕಾರಿಡಾರಿನಲ್ಲಿ ನಿಲ್ಲಿಸಿ, ಇಂಗ್ಲಿಷ್ ಹಾಳೆಯ ಕೊನೆಗೆ ಬೆರಳಿಟ್ಟು "ಇಲ್ಲೊಂದು ಸಹಿ ಹಾಕಿ" ಎಂದರೆ ಅದನ್ನು ಒಪ್ಪಿಗೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಿರಿಯರು ಮೊದಲ ಹಾಳೆಗೆ ನಿಧಾನವಾಗಿ, ಅಕ್ಷರ ಕೂಡಿಸಿ ಸಹಿ ಹಾಕುತ್ತಾರೆ. ಎರಡನೆಯದನ್ನು ಮಗ ಓದುತ್ತಾನೆ: ಸ್ಕ್ಯಾನ್ ಚಿತ್ರಗಳನ್ನು ಹೆಸರು ತೆಗೆದು, ಮುಂದೆ ಇಂಥ ಎಐಗೆ ಕಲಿಸಲು ಬಳಸಬಹುದೇ ಎಂಬ ಬೇರೆಯೇ ಒಪ್ಪಿಗೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷಿನಲ್ಲೋ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳ ಪೈಕಿ ಒಂದರಲ್ಲೋ ಓದಿಕೊಳ್ಳುವ ಆಯ್ಕೆ ಇರಬೇಕು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂಪಡೆಯಲೂ ಬರಬೇಕು.

"ಆಮ್ಯಾಲ ಬ್ಯಾಡ ಅಂದ್ರ ತಗದ್ ಹಾಕ್ತೀರೇನ್ರಿ?" ಮಗ ಕೇಳುತ್ತಾನೆ.

"ಚಿತ್ರ ತೆಗೆದುಹಾಕಬಹುದು. ಆದರೆ ಅಷ್ಟರಲ್ಲಿ ಕಂಪ್ಯೂಟರ್ ಅದರಿಂದ ಕಲಿತಿದ್ದರೆ, ಕಲಿತದ್ದನ್ನು ಮರೆಸೋದು ಕಷ್ಟ. ಅದಕ್ಕೇ ಈಗಲೇ ಹೇಳ್ತಿದ್ದೀನಿ."

ಅಪ್ಪ ಮಗ ಮುಖ ನೋಡಿಕೊಳ್ಳುತ್ತಾರೆ. ಊರಿಗೆ ಫೋನು ಮಾಡಿ ಮನೆಯವರನ್ನು ಕೇಳಬೇಕಂತೆ.

"ಕೇಳಿ, ಅವಸರವಿಲ್ಲ. ಇದಕ್ಕೆ ಸಹಿ ಹಾಕದಿದ್ದರೂ ನಾಳೆ ಒಂಬತ್ತಕ್ಕೆ ಮಾಸ್ಕ್ ಮಾಡ್ತೀವಿ, ಬಂದುಬಿಡಿ," ಎಂದು ವೈದ್ಯೆ ಎರಡನೆಯ ಹಾಳೆಯನ್ನು ಮಡಚಿ ಮಗನ ಕೈಗೆ ಕೊಡುತ್ತಾರೆ.