ಸ್ವಂತ ಚಿಕಿತ್ಸಾಲಯದ ನಿರ್ವಹಣೆ ಮತ್ತು ವಿಸ್ತರಣೆ: ವೈದ್ಯರು ಗಮನಿಸಬೇಕಾದ ಅಂಶಗಳು

ಸ್ವಂತವಾಗಿ ವೃತ್ತಿ ನಡೆಸಲು ಬಯಸುವ ವೈದ್ಯರು ಮೊದಲು ಕಟ್ಟಡ, ಉಪಕರಣ ಮತ್ತು ಬ್ಯಾಂಕ್ ಸಾಲದ ಏರ್ಪಾಡು ಮಾಡಿಕೊಂಡು, ಅನುಮತಿಯ ವಿಷಯವನ್ನು ಕೊನೆಗೆ ಉಳಿಸಿಕೊಳ್ಳುವುದುಂಟು. ಅನುಮತಿ ತಡವಾದರೂ ಬಾಡಿಗೆ ಮತ್ತು ಸಾಲದ ಕಂತು ನಿಲ್ಲುವುದಿಲ್ಲ. ಆದ್ದರಿಂದ ಪ್ರತಿಯೊಂದು ಹಂತದಲ್ಲಿಯೂ ಅನುಮತಿ ಮೊದಲು, ವೆಚ್ಚ ಅನಂತರ ಎಂಬ ಕ್ರಮವನ್ನು ಅನುಸರಿಸುವುದು ಸೂಕ್ತ.

1. ನೋಂದಣಿ
ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಮೇರೆಗೆ, ಒಬ್ಬರೇ ವೈದ್ಯರಿರುವ ಚಿಕಿತ್ಸಾಲಯವೂ ನೋಂದಣಿಯಾಗಿರತಕ್ಕದ್ದು. ವೈದ್ಯಕೀಯ ಪರಿಷತ್ತಿನಲ್ಲಿ ವೈದ್ಯರ ಹೆಸರು ದಾಖಲಾಗಿದ್ದ ಮಾತ್ರಕ್ಕೆ ಸಂಸ್ಥೆಯ ನೋಂದಣಿ ಆದಂತಾಗುವುದಿಲ್ಲ. ಇವೆರಡೂ ಬೇರೆ ಬೇರೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರವು ನೋಂದಣಿ ನೀಡುತ್ತದೆ. ಇದರ ಅವಧಿ 5 ವರ್ಷಗಳು. ನೋಂದಣಿ ಪ್ರಮಾಣಪತ್ರವನ್ನೂ ಶುಲ್ಕದ ವಿವರವನ್ನೂ ರೋಗಿಗಳಿಗೆ ಕಾಣುವಂತೆ ಪ್ರದರ್ಶಿಸತಕ್ಕದ್ದು.

2. ಜೈವಿಕ ವೈದ್ಯಕೀಯ ತ್ಯಾಜ್ಯ
2016ರ ನಿಯಮಗಳನ್ವಯ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಪತ್ರ ಅವಶ್ಯಕ. ಹಾಸಿಗೆಗಳಿಲ್ಲದ ಚಿಕಿತ್ಸಾಲಯಕ್ಕೆ ಇದನ್ನು ಒಂದೇ ಬಾರಿ ಪಡೆದರೆ ಸಾಕು. ಸೂಜಿ, ಬ್ಲೇಡುಗಳನ್ನು ಚುಚ್ಚಿ ಹೊರಬಾರದಂತಹ ಬಿಳಿ ಡಬ್ಬಿಯಲ್ಲಿಯೂ, ರಕ್ತ ತಗುಲಿದ ಹತ್ತಿ, ಬ್ಯಾಂಡೇಜುಗಳನ್ನು ಹಳದಿ ಚೀಲದಲ್ಲಿಯೂ ಹಾಕಬೇಕು. ಇಂತಹ ಹತ್ತಿ, ಬ್ಯಾಂಡೇಜುಗಳನ್ನು ಸಂಸ್ಕರಿಸದೆ 48 ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ.

3. ಲೆಕ್ಕ ಮತ್ತು ದಾಖಲೆ
ವೃತ್ತಿಗೆ ಪ್ರತ್ಯೇಕ ಬ್ಯಾಂಕ್ ಖಾತೆ ಇರಲಿ. ಪಡೆದ ಪ್ರತಿ ಶುಲ್ಕಕ್ಕೂ ರಸೀದಿ ನೀಡಿ. ಮನೆಯ ಖರ್ಚು ಮತ್ತು ಚಿಕಿತ್ಸಾಲಯದ ಖರ್ಚು ಒಂದೇ ಖಾತೆಯಲ್ಲಿ ಬೆರೆತರೆ ನಿಜವಾದ ಲಾಭವೆಷ್ಟೆಂದು ತಿಳಿಯದು. ಚಿಕಿತ್ಸಾ ಸೇವೆಗೆ ಸರಕು ಮತ್ತು ಸೇವಾ ತೆರಿಗೆಯಿಂದ ವಿನಾಯಿತಿ ಇದೆ. ಆದರೆ ಕೇವಲ ಸೌಂದರ್ಯಕ್ಕಾಗಿ ಮಾಡುವ ಕೂದಲು ಕಸಿಯಂತಹ ಸೇವೆಗೆ ಇಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆ ವಿನಿಯಮಗಳಂತೆ, ರೋಗಿಯು ತನ್ನ ವೈದ್ಯಕೀಯ ದಾಖಲೆಗಳನ್ನು ಕೇಳಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕು.

4. ಪ್ರಚಾರ
ಇದೇ ವಿನಿಯಮಗಳು ರೋಗಿಗಳನ್ನು ಸೆಳೆಯುವ ಜಾಹೀರಾತನ್ನೂ, ರೋಗಿಯನ್ನು ಕಳುಹಿಸಿದ್ದಕ್ಕಾಗಿ ಕಮಿಷನ್ ಕೊಡುವುದನ್ನೂ, ಪಡೆಯುವುದನ್ನೂ ನಿಷೇಧಿಸಿವೆ. ವೃತ್ತಿ ಆರಂಭ, ವಿಳಾಸ ಬದಲಾವಣೆ, ತಾತ್ಕಾಲಿಕ ಗೈರುಹಾಜರಿ ಮುಂತಾದವುಗಳ ಬಗ್ಗೆ ಪತ್ರಿಕೆಯಲ್ಲಿ ಪ್ರಕಟಣೆ ನೀಡಲು ಅವಕಾಶವಿದೆ. ಕಮಿಷನ್ನಿನ ಹೊರೆ ಕಟ್ಟಕಡೆಗೆ ರೋಗಿಯ ಮೇಲೆಯೇ ಬೀಳುತ್ತದೆ. ನಿಗದಿತ ವೇಳೆಗೆ ಲಭ್ಯವಿರುವುದು, ಶುಲ್ಕವನ್ನು ಮೊದಲೇ ತಿಳಿಸುವುದು ಹಾಗೂ ಅನಗತ್ಯ ಪರೀಕ್ಷೆಗಳನ್ನು ಬರೆಯದಿರುವುದು ವೃತ್ತಿಯ ಬೆಳವಣಿಗೆಗೆ ಭದ್ರವಾದ ಮಾರ್ಗ.

5. ವಿಸ್ತರಣೆ
ಹಾಸಿಗೆ, ಪ್ರಯೋಗಾಲಯ ಅಥವಾ ಯಂತ್ರಗಳನ್ನು ಸೇರಿಸಿದಾಗ ಸಂಸ್ಥೆಯ ಸ್ವರೂಪವೇ ಬದಲಾಗುತ್ತದೆ. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ನೋಂದಣಿ ಪ್ರಾಧಿಕಾರವನ್ನೂ ಮಾಲಿನ್ಯ ನಿಯಂತ್ರಣ ಮಂಡಳಿಯನ್ನೂ ವಿಚಾರಿಸಿರಿ. ಎಕ್ಸ್‌-ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಅಗತ್ಯ. ಪ್ರಸವಪೂರ್ವ ಲಿಂಗಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆಯಡಿ ಪ್ರತ್ಯೇಕ ನೋಂದಣಿಯಿಲ್ಲದ ಕೇಂದ್ರಕ್ಕೆ ಅಲ್ಟ್ರಾಸೌಂಡ್ ಯಂತ್ರವನ್ನು ಮಾರುವುದೇ ಅಪರಾಧ. ನೋಂದಣಿಯಿಲ್ಲದೆ ಬಳಸಿದರೆ ಯಂತ್ರವನ್ನು ಮೊಹರು ಮಾಡಿ ವಶಪಡಿಸಿಕೊಳ್ಳಲು, ವೈದ್ಯರ ವಿರುದ್ಧ ಮೊಕದ್ದಮೆ ಹೂಡಲು ಅವಕಾಶವಿದೆ.

ಹೆಚ್ಚಿನ ವಿವರಗಳಿಗೆ ಆಯಾ ಜಿಲ್ಲೆಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಕೆಲಸದ ವೇಳೆಯಲ್ಲಿ ಸಂಪರ್ಕಿಸಬಹುದು.