ಚರಿತ್ರೆ ತಿಳಿಯದ ಮೋಟರ್‌ಸೈಕಲ್ಲಿನ ಆರೈಕೆ

ಹೈದರಾಬಾದಿನ ಬಾಲಾನಗರವು ಲೇತ್ ಯಂತ್ರಗಳ, ಅಚ್ಚು ತಯಾರಿಸುವ ಕಾರ್ಯಾಗಾರಗಳ ಪ್ರದೇಶವಾಗಿದ್ದು, ವಿಮಾನಗಳ ಎಲೆಕ್ಟ್ರಾನಿಕ್ ಉಪಕರಣಗಳನ್ನು ತಯಾರಿಸುವ ಎಚ್‌ಎಎಲ್ ಘಟಕವೂ 1968ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಉಪಕರಣ ವಿನ್ಯಾಸ ಸಂಸ್ಥೆಯೂ ಇಲ್ಲಿಯೇ ಇವೆ. ಬೀದರ್, ಕಲಬುರಗಿ ಕಡೆಯಿಂದ ದುಡಿಮೆಗಾಗಿ ಹೈದರಾಬಾದಿಗೆ ಬಂದವರಿಗೂ ಇಂತಹ ಪ್ರದೇಶದ ಕಾರ್ಮಿಕರಿಗೂ ಕೈಗೆಟಕುವ ವಾಹನವೆಂದರೆ ಹಲವು ಕೈ ದಾಟಿದ ಸೆಕೆಂಡ್ ಹ್ಯಾಂಡ್ ಮೋಟರ್‌ಸೈಕಲ್. ಅದರೊಂದಿಗೆ ಆರ್‌ಸಿ ಬರುತ್ತದೆ, ಕೀಲಿ ಬರುತ್ತದೆ. ಸರ್ವಿಸ್ ಆದದ್ದು ಯಾವಾಗ, ಬದಲಿಸಿದ್ದು ಏನನ್ನು ಎಂಬ ದಾಖಲೆ ಮಾತ್ರ ಹೆಚ್ಚಾಗಿ ಬರುವುದಿಲ್ಲ.

ಇಂತಹ ಗಾಡಿಯ ವಿಷಯದಲ್ಲಿ ಒಂದೇ ನಿಯಮ ಸಾಕು: ಬಿಲ್ಲಾಗಲಿ ಕಣ್ಣಿಗೆ ಕಾಣುವ ಗುರುತಾಗಲಿ ಇಲ್ಲದ ಕೆಲಸವನ್ನು ಆಗಿಲ್ಲವೆಂದೇ ಎಣಿಸಬೇಕು. ಮೀಟರ್‌ನ ಅಂಕಿಯನ್ನೂ ಪುರಾವೆಯೆಂದು ನಂಬಲಾಗದು. ಕೇಬಲ್ ತುಂಡಾದ ದಿನವೇ ಹಳೆಯ ಮೀಟರ್ ನಿಂತುಬಿಡುತ್ತದೆ, ಗಾಡಿ ಓಡುತ್ತಲೇ ಇರುತ್ತದೆ. ಸವೆದು ನುಣುಪಾದ ಫುಟ್‌ರೆಸ್ಟ್ ರಬ್ಬರ್, ತೇದುಹೋದ ಬ್ರೇಕ್ ಪೆಡಲ್ ಇವು ಮೀಟರ್‌ಗಿಂತ ನಿಜವಾದ ಸಾಕ್ಷಿಗಳು.

ಮೊದಲು ನೋಡಬೇಕಾದದ್ದು ಎಂಜಿನ್ ಅಲ್ಲ, ಪ್ರಾಣಕ್ಕೆ ಸಂಬಂಧಿಸಿದ ಭಾಗಗಳು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ತಿಳಿಸುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ ಟೈರು, ಮತ್ತು ಪಟ್ಟೆಗಳು ಎಷ್ಟೇ ಆಳವಾಗಿದ್ದರೂ ವರ್ಷಗಳ ಬಿಸಿಲಿಗೆ ಒಣಗಿ ಬಿರುಕುಬಿಟ್ಟ ರಬ್ಬರು ಒದ್ದೆ ರಸ್ತೆಯಲ್ಲಿ ಹಿಡಿತ ಕೊಡುವುದಿಲ್ಲ. ಡ್ರಮ್ ಬ್ರೇಕಿದ್ದರೆ ಚಕ್ರ ಕಳಚಿ ಬ್ರೇಕ್ ಶೂಗಳ ದಪ್ಪವನ್ನು ನೋಡಬೇಕು. ಡಿಸ್ಕ್ ಬ್ರೇಕಿದ್ದರೆ ಪ್ಯಾಡುಗಳ ಜೊತೆಗೆ ಬ್ರೇಕ್ ಆಯಿಲನ್ನೂ ಬದಲಿಸಬೇಕು, ಏಕೆಂದರೆ ಆ ದ್ರವವು ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋಗಿ, ಬ್ರೇಕ್ ಕಾದಾಗ ಆ ನೀರು ಆವಿಯಾಗುವುದರಿಂದ ಲಿವರ್ ಮೆತ್ತಗಾಗಿ ಹಿಡಿತ ತಪ್ಪಬಹುದು. ಸಾಮಾನ್ಯವಾಗಿ 2 ವರ್ಷಕ್ಕೊಮ್ಮೆ ಇದನ್ನು ಬದಲಿಸಲು ಹೇಳಲಾಗುತ್ತದೆ. ಹ್ಯಾಂಡಲ್ ತಿರುಗುವಲ್ಲಿರುವ ಬೇರಿಂಗ್, ಅಂದರೆ ಮೆಕ್ಯಾನಿಕ್‌ಗಳು ಕೋನ್ ಸೆಟ್ ಎನ್ನುವ ಭಾಗ, ಸವೆದಿದ್ದರೆ ಹ್ಯಾಂಡಲ್ ನಡುವಿನಲ್ಲಿ ಸಿಕ್ಕಿದಂತೆ ನಿಲ್ಲುತ್ತದೆ.

ಅನಂತರ ಎಂಜಿನ್ ಆಯಿಲ್. ಬಹುಪಾಲು ಫೋರ್ ಸ್ಟ್ರೋಕ್ ಮೋಟರ್‌ಸೈಕಲ್‌ಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಆಯಿಲ್ ಇರುವುದರಿಂದ, ಘರ್ಷಣೆ ತಗ್ಗಿಸುವ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಪ್ಲೇಟುಗಳು ಜಾರಬಹುದು. ಡಬ್ಬದ ಮೇಲೆ ‘ಜಾಸೋ ಎಂಎ’ ಅಥವಾ ‘ಎಂಎ2’ ಎಂದಿರುವುದನ್ನೇ ಕೊಳ್ಳಬೇಕು. ಇಳಿಸಿದ ಹಳೆಯ ಆಯಿಲ್ ಎಂಜಿನ್ನಿನ ಒಳಗಿನ ಸಂಗತಿ ಹೇಳುವುದರಿಂದ ಅದನ್ನು ತಟ್ಟೆಗೆ ಹಿಡಿದು ನೋಡಬೇಕು. ಲೋಹದ ಚೂರುಗಳಿದ್ದರೆ ಒಳಭಾಗ ಸವೆಯುತ್ತಿದೆ. ಹಾಲು ಬೆರೆತ ಚಹಾದಂತೆ ಕಂಡರೆ ನೀರು ಸೇರಿದೆ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಬಡಾವಣೆಗಳನ್ನೇ ಮುಳುಗಿಸಿದಂತಹ ನೆರೆಗಳನ್ನು ಕಂಡ ನಗರದಲ್ಲಿ ಇದು ಗಂಭೀರವಾಗಿ ನೋಡಬೇಕಾದ ಗುರುತು. ಬಹಳ ಕಾಲ ಬದಲಾಗದ ಆಯಿಲ್ ಇಳಿಸಿದ್ದರೆ, ಸುಮಾರು 500 ಕಿಲೋಮೀಟರಿಗೇ ಮತ್ತೊಮ್ಮೆ ಬದಲಿಸುವುದು ದುಂದಲ್ಲ. ಒಳಗಿನ ಹಳೆಯ ಕೊಳೆಯನ್ನು ಮೊದಲ ಆಯಿಲ್ ಕರಗಿಸಿ ತರುತ್ತದೆ.

ಆಯಿಲ್ ಇಳಿಸುವ ಬೋಲ್ಟನ್ನು ಹಿಂದಿನವರು ಅತಿಯಾಗಿ ಬಿಗಿದು ರಂಧ್ರದ ಥ್ರೆಡ್ ಹಾಳುಮಾಡಿರುವುದು ಹಳೆಯ ಗಾಡಿಗಳಲ್ಲಿ ಸಾಮಾನ್ಯ. ಎಂಜಿನ್ ಕೇಸನ್ನೇ ಬದಲಿಸಬೇಕೆಂಬ ಮಾತಿಗೆ ಮರುಳಾಗಬೇಕಿಲ್ಲ. ರಂಧ್ರವನ್ನು ತುಸು ಹಿಗ್ಗಿಸಿ ಹೊಸ ಥ್ರೆಡ್ ಕೊರೆಯುವುದು ಅಥವಾ ಬುಷ್ ಕೂರಿಸುವುದು ನುರಿತ ಲೇತ್ ಕೆಲಸಗಾರನಿಗೆ ದೊಡ್ಡ ಕೆಲಸವಲ್ಲ, ಮತ್ತು ಅಂತಹ ಕೈಗಳಿಗೆ ಬಾಲಾನಗರದಲ್ಲಿ ಕೊರತೆಯಿಲ್ಲ.

ಏರ್ ಫಿಲ್ಟರ್ ಮತ್ತು ಪ್ಲಗ್‌ಗಳನ್ನು ಪರೀಕ್ಷಿಸುತ್ತಾ ಕೂರುವುದಕ್ಕಿಂತ ಹೊಸದನ್ನೇ ಹಾಕುವುದು ಲೇಸು. ಬಿರುಕುಬಿಟ್ಟ ಪೆಟ್ರೋಲ್ ಪೈಪಿಗೂ ಇದೇ ಮಾತು. ಟ್ಯಾಪೆಟ್, ಅಂದರೆ ವಾಲ್ವಿನ ಮೇಲಿರಬೇಕಾದ ಕೂದಲೆಳೆಯಷ್ಟು ಸಂದನ್ನು ಎಂಜಿನ್ ತಣ್ಣಗಿರುವಾಗ ಫೀಲರ್ ಗೇಜಿನಿಂದ ಅಳೆದು ಸರಿಪಡಿಸಬೇಕು. ಕಿವಿಯ ಅಂದಾಜಿನ ಮೇಲೆ ಮಾಡಿದ ಹೊಂದಿಕೆ ಸಾಲದು. ಚೈನು ಸವೆದಿದ್ದರೆ ಎರಡು ಸ್ಪ್ರಾಕೆಟ್‌ಗಳನ್ನೂ ಸೇರಿಸಿ ಬದಲಿಸಬೇಕು, ಇಲ್ಲದಿದ್ದರೆ ಹಳೆಯ ಹಲ್ಲುಗಳು ಹೊಸ ಚೈನನ್ನು ಬೇಗನೆ ತಿಂದುಹಾಕುತ್ತವೆ.

ಹೊಸ ಬಣ್ಣ, ಸೀಟಿನ ಕವರ್, ಸದ್ದಿನ ಸೈಲೆನ್ಸರ್‌ಗಳಿಗೆ ಮೊದಲ ತಿಂಗಳ ಹಣ ಸುರಿದು ಟೈರನ್ನು ಮುಂದಕ್ಕೆ ಹಾಕುವುದು ತಪ್ಪು. ಗಾಡಿ ಕೊಂಡವರು ಒಂದು ಚಿಕ್ಕ ಪುಸ್ತಕ ತಂದು, ಮಾಡಿಸಿದ ಪ್ರತಿ ಕೆಲಸದ ದಿನಾಂಕವನ್ನೂ ಅಂದಿನ ಮೀಟರ್ ಅಂಕಿಯನ್ನೂ ಬರೆದು, ಬಿಲ್ಲುಗಳೊಂದಿಗೆ ಆರ್‌ಸಿಯ ಜೊತೆಗೆ ಇರಿಸಿಕೊಳ್ಳಲಿ.