ಮಳೆ, ಧೂಳು ಮತ್ತು ದುಬಾರಿ ಲೆನ್ಸ್: ಟೆಲಿಫೋಟೊ ಝೂಮ್ ಖರೀದಿಗೆ ಮುನ್ನ

ಛಾಯಾಗ್ರಹಣ ವೃತ್ತಿಯು ಈಗ ಸ್ಟುಡಿಯೊದ ನಾಲ್ಕು ಗೋಡೆಗಳಿಗೂ ಮದುವೆ ಮಂಟಪಗಳಿಗೂ ಸೀಮಿತವಾಗಿ ಉಳಿದಿಲ್ಲ. ಕಬಿನಿ, ನಾಗರಹೊಳೆ, ಬಂಡೀಪುರ ಹಾಗೂ ದಾಂಡೇಲಿಯ ವನ್ಯಜೀವಿ ಪ್ರವಾಸೋದ್ಯಮ, ರಂಗನತಿಟ್ಟಿನಂತಹ ಪಕ್ಷಿಧಾಮಗಳು, ಕರಾವಳಿಯ ಕಂಬಳ, ಊರೂರಿನ ಕ್ರೀಡಾಕೂಟಗಳು ಇವೆಲ್ಲವೂ ದೂರದ ದೃಶ್ಯವನ್ನು ಸಮೀಪಕ್ಕೆ ತರುವ ಟೆಲಿಫೋಟೊ ಝೂಮ್ ಲೆನ್ಸ್‌ಗಳಿಗೆ ಬೇಡಿಕೆಯನ್ನು ಸೃಷ್ಟಿಸಿವೆ. ಸ್ಟುಡಿಯೊ ಮಾಲೀಕರು, ಉಪಕರಣಗಳನ್ನು ಬಾಡಿಗೆಗೆ ನೀಡುವವರು, ರೆಸಾರ್ಟ್ ನಡೆಸುವವರು ಮತ್ತು ಕ್ಯಾಮೆರಾ ಮಾರಾಟಗಾರರಿಗೆ ಇಂತಹ ಲೆನ್ಸ್ ಹವ್ಯಾಸದ ವಸ್ತುವಲ್ಲ. ಅದು ಬಂಡವಾಳ ಸರಕು.

ಒಂದು ಉತ್ತಮ ಟೆಲಿಫೋಟೊ ಝೂಮ್‌ನ ಬೆಲೆ ಲಕ್ಷ ರೂಪಾಯಿಗಳನ್ನು ಸುಲಭವಾಗಿ ಮೀರುತ್ತದೆ. ಅನೇಕ ಸಣ್ಣ ಸ್ಟುಡಿಯೊಗಳಲ್ಲಿ ಕ್ಯಾಮೆರಾಕ್ಕಿಂತಲೂ ಲೆನ್ಸ್‌ನದೇ ಹೆಚ್ಚಿನ ವೆಚ್ಚ. ಅದರ ಪೆಟ್ಟಿಗೆಯ ಮೇಲೆ ‘ಹವಾಮಾನ ನಿರೋಧಕ’ ಎಂಬ ಅರ್ಥದ ಮಾತು ಇದ್ದರೆ ಖರೀದಿದಾರರು ಮಳೆಗೂ ಧೂಳಿಗೂ ಅಂಜಬೇಕಾಗಿಲ್ಲವೆಂದು ಭಾವಿಸುವುದು ಸಹಜ. ಆದರೆ ಈ ಮಾತು ಖಾತರಿಯಲ್ಲ, ರಕ್ಷಣೆಯ ಒಂದು ಮಟ್ಟವನ್ನಷ್ಟೇ ಸೂಚಿಸುತ್ತದೆ. ಆ ಮಟ್ಟ ಎಷ್ಟು, ಅದು ಯಾವ ಕ್ಯಾಮೆರಾದೊಂದಿಗೆ ಅನ್ವಯಿಸುತ್ತದೆ, ಅದನ್ನು ಮೀರಿದಾಗ ನಷ್ಟವನ್ನು ಭರಿಸುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಪಡೆದ ನಂತರವೇ ಹಣ ಪಾವತಿಸುವುದು ಲೇಸು.

ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬದಲಾದುದೇನು?

ಹಿಂದಿನ ಡಿಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಲೆನ್ಸ್ ಮತ್ತು ಸಂವೇದಕದ ನಡುವೆ ಒಂದು ಕನ್ನಡಿ ಇರುತ್ತಿತ್ತು. ಮಿರರ್‌ಲೆಸ್ ಕ್ಯಾಮೆರಾದಲ್ಲಿ ಆ ಕನ್ನಡಿ ಇಲ್ಲ. ಆದುದರಿಂದ ಲೆನ್ಸ್ ಕೂರುವ ಬಾಯಿಗೂ ಸಂವೇದಕಕ್ಕೂ ನಡುವಿನ ಅಂತರ ಬಹಳ ಕಡಿಮೆಯಾಗಿದೆ. ನಿಕಾನ್‌ನ ಹಳೆಯ ಎಫ್ ಮೌಂಟ್‌ನಲ್ಲಿ ಈ ಅಂತರ 46.5 ಮಿ.ಮೀ. ಇದ್ದರೆ ಈಗಿನ ಝಡ್ ಮೌಂಟ್‌ನಲ್ಲಿ 16 ಮಿ.ಮೀ. ಮಾತ್ರ. ಕ್ಯಾನನ್ ಆರ್‌ಎಫ್‌ನಲ್ಲಿ ಅದು 20 ಮಿ.ಮೀ., ಸೋನಿ ಇ ಮೌಂಟ್‌ನಲ್ಲಿ 18 ಮಿ.ಮೀ.

ಇದರ ಪರಿಣಾಮವು ವ್ಯಾವಹಾರಿಕವಾದುದು. ಬಯಲಿನಲ್ಲಿ ಲೆನ್ಸ್ ಬದಲಾಯಿಸುವಾಗ ಧೂಳು ಹಾಗೂ ತುಂತುರು ಹನಿಗಳು ನೇರವಾಗಿ ಸಂವೇದಕದ ಮೇಲೆ ಬೀಳುವ ಸಾಧ್ಯತೆ ಹೆಚ್ಚು. ಕೆಲವು ಮಾದರಿಗಳಲ್ಲಿ ಕ್ಯಾಮೆರಾವನ್ನು ಆರಿಸಿದಾಗ ಷಟರ್ ಮುಚ್ಚಿಕೊಳ್ಳುವ ವ್ಯವಸ್ಥೆ ಇದೆ. ಎಲ್ಲ ಮಾದರಿಗಳಲ್ಲಿ ಇಲ್ಲ. ಆದಕಾರಣ ಲೆನ್ಸ್ ಬದಲಾಯಿಸುವ ಅಗತ್ಯವನ್ನೇ ತಗ್ಗಿಸುವ ಝೂಮ್ ಲೆನ್ಸ್ ಒಂದು ಬಗೆಯ ರಕ್ಷಣೆಯೂ ಹೌದು. ಹಳೆಯ ಲೆನ್ಸ್‌ಗಳನ್ನು ಅಡಾಪ್ಟರ್ ಮೂಲಕ ಬಳಸುವವರು ಒಂದು ಸಂದಿನ ಬದಲು ಎರಡು ಸಂದುಗಳನ್ನು ಕಾಯಬೇಕಾಗುತ್ತದೆ ಎಂಬುದನ್ನೂ ಗಮನಿಸಬೇಕು.

ಸೀಲಿಂಗ್ ಎಂದರೆ ನಿಜವಾಗಿ ಏನು?

ಪಂಪು, ಕವಾಟ ಅಥವಾ ಹೈಡ್ರಾಲಿಕ್ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಿಗಳಿಗೆ ಇದು ಪರಿಚಿತ ವಿಷಯ. ಲೆನ್ಸ್‌ನಲ್ಲಿ ನೀರು ಒಳನುಗ್ಗಬಹುದಾದ ಸ್ಥಳಗಳು ಹಲವು: ಕ್ಯಾಮೆರಾಕ್ಕೆ ಜೋಡಿಸುವ ಮೌಂಟ್, ಫೋಕಸ್ ಮತ್ತು ಝೂಮ್ ಬಳೆಗಳು, ಸ್ವಿಚ್‌ಗಳು, ಕೊಳವೆಯ ಭಾಗಗಳು ಕೂಡುವ ಸಂದುಗಳು. ಈ ಸ್ಥಳಗಳಲ್ಲಿ ರಬ್ಬರ್ ಬಳೆ, ಓ-ರಿಂಗ್ ಅಥವಾ ಗ್ಯಾಸ್ಕೆಟ್‌ಗಳನ್ನು ಕೂರಿಸಲಾಗಿರುತ್ತದೆ. ಮುಂಭಾಗದ ಗಾಜಿಗೆ ಅನೇಕ ವೇಳೆ ಫ್ಲೋರಿನ್ ಲೇಪನ ನೀಡಲಾಗುತ್ತದೆ. ಇದು ನೀರನ್ನು ತಡೆಯುವುದಿಲ್ಲ, ಹನಿ ಮತ್ತು ಜಿಡ್ಡು ಅಂಟಿಕೊಳ್ಳದೆ ಸುಲಭವಾಗಿ ಒರೆಸಿಹೋಗುವಂತೆ ಮಾಡುತ್ತದೆ.

ಯಾವುದೇ ಓ-ರಿಂಗ್‌ನಂತೆ ಇವೂ ಕಾಲಕ್ರಮದಲ್ಲಿ ಗಡುಸಾಗುತ್ತವೆ, ಸವೆಯುತ್ತವೆ. ಹೊಸದಾಗಿದ್ದಾಗ ಮಳೆಯನ್ನು ತಾಳಿದ ಲೆನ್ಸ್ ಆರು ವರ್ಷದ ಬಾಡಿಗೆ ಓಡಾಟದ ನಂತರವೂ ಅಷ್ಟೇ ತಾಳುತ್ತದೆಂದು ಎಣಿಸಲಾಗದು. ಅಲ್ಲದೆ ಲೆನ್ಸ್‌ಗೆ ಸೀಲಿಂಗ್ ಇದ್ದು ಕ್ಯಾಮೆರಾಕ್ಕೆ ಇಲ್ಲದಿದ್ದರೆ ಪ್ರಯೋಜನವು ಅರ್ಧಕ್ಕೇ ನಿಲ್ಲುತ್ತದೆ. ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೇ.

ಐಪಿ ಸಂಖ್ಯೆಯ ಮಹತ್ವ

ಕೈಗಾರಿಕಾ ಕಂಟ್ರೋಲ್ ಪ್ಯಾನಲ್ ಖರೀದಿಸುವವರು ‘ಮಳೆ ನಿರೋಧಕ’ ಎಂಬ ಮಾತನ್ನು ಒಪ್ಪುವುದಿಲ್ಲ. ಐಪಿ 54, ಐಪಿ 55 ಎಂಬ ಸಂಖ್ಯೆಯನ್ನು ಕೇಳುತ್ತಾರೆ. ಈ ಸಂಖ್ಯೆಗಳ ಆಧಾರ ಐಇಸಿ 60529 ಎಂಬ ಅಂತರರಾಷ್ಟ್ರೀಯ ಮಾನಕ. ಭಾರತೀಯ ಮಾನಕ ಬ್ಯೂರೊ ಇದನ್ನು ಐಎಸ್/ಐಇಸಿ 60529 ಎಂಬುದಾಗಿ ಅಂಗೀಕರಿಸಿದೆ. ಮೊದಲನೆಯ ಅಂಕಿ ಧೂಳಿನಂತಹ ಘನವಸ್ತುಗಳ ವಿರುದ್ಧವೂ ಎರಡನೆಯದು ನೀರಿನ ವಿರುದ್ಧವೂ ಇರುವ ರಕ್ಷಣೆಯನ್ನು ತಿಳಿಸುತ್ತದೆ.

ಕ್ಯಾಮೆರಾ ಲೆನ್ಸ್‌ಗಳಲ್ಲಿ ಈ ಸಂಖ್ಯೆಯನ್ನು ಬಹಿರಂಗವಾಗಿ ಘೋಷಿಸುವವರು ವಿರಳ. ಒಲಿಂಪಸ್ ಸಂಸ್ಥೆಯ ಕ್ಯಾಮೆರಾ ವಿಭಾಗವನ್ನು 2021ರ ಜನವರಿಯಲ್ಲಿ ವಹಿಸಿಕೊಂಡ ಓಎಂ ಡಿಜಿಟಲ್ ಸಲ್ಯೂಷನ್ಸ್ ಅಂತಹವುಗಳಲ್ಲಿ ಒಂದು. 2022ರಲ್ಲಿ ಬಂದ ಅದರ 40-150 ಮಿ.ಮೀ. ಎಫ್/4 ಪ್ರೊ ಲೆನ್ಸ್‌ಗೆ ಐಪಿ 53 ಮಟ್ಟವನ್ನು ನೀಡಲಾಗಿದೆ. ಅಂದರೆ ಕೆಲಸಕ್ಕೆ ಅಡ್ಡಿಯಾಗುವಷ್ಟು ಧೂಳು ಒಳಸೇರದು. ನೆಟ್ಟಗಿನ ರೇಖೆಯಿಂದ 60 ಡಿಗ್ರಿಯವರೆಗೆ ಓರೆಯಾಗಿ ಸಿಂಪಡಿಸಿದ ನೀರನ್ನು ತಾಳಬಲ್ಲದು. ಅದೇ ಸಂಸ್ಥೆಯ 150-600 ಮಿ.ಮೀ. ಲೆನ್ಸ್‌ಗೆ (2024) ಇರುವುದು ಐಪಿಎಕ್ಸ್ 1 ಮಟ್ಟ. ಇದರ ಅರ್ಥ ನೆಟ್ಟಗೆ ತೊಟ್ಟಿಕ್ಕುವ ಹನಿಗಳಿಂದ ರಕ್ಷಣೆ ಎಂದಷ್ಟೆ. ಮಾನಕದ ಪರೀಕ್ಷೆಯಲ್ಲಿ ನಿಮಿಷಕ್ಕೆ 1 ಮಿ.ಮೀ. ಪ್ರಮಾಣದ ಹನಿಯನ್ನು 10 ನಿಮಿಷ ಬೀಳಿಸಲಾಗುತ್ತದೆ. ಎರಡೂ ‘ಹವಾಮಾನ ನಿರೋಧಕ’ ಲೆನ್ಸ್‌ಗಳೇ; ಗಾಳಿಯೊಡನೆ ಓರೆಯಾಗಿ ಹೊಡೆಯುವ ಮಲೆನಾಡಿನ ಮಳೆಯಲ್ಲಿ ಅವುಗಳ ನಡುವಿನ ವ್ಯತ್ಯಾಸ ದೊಡ್ಡದು.

ಸೋನಿ, ಕ್ಯಾನನ್, ನಿಕಾನ್, ಫ್ಯೂಜಿಫಿಲ್ಮ್ ಮುಂತಾದ ಸಂಸ್ಥೆಗಳು ತಮ್ಮ ಟೆಲಿಫೋಟೊ ಝೂಮ್‌ಗಳನ್ನು ಸಾಮಾನ್ಯವಾಗಿ ಸಂಖ್ಯೆಯಿಲ್ಲದ ಮಾತುಗಳಿಂದಲೇ ವಿವರಿಸುತ್ತವೆ. ಇದರಿಂದ ಅವು ಕೀಳೆಂದು ತಿಳಿಯಬೇಕಾಗಿಲ್ಲ. ಆದರೆ ಎರಡು ಲೆನ್ಸ್‌ಗಳನ್ನು ಹೋಲಿಸಲು ಸಮಾನ ಅಳತೆಗೋಲು ದೊರೆಯುವುದಿಲ್ಲ. ಪೂರ್ಣ ರಕ್ಷಣೆಯ ಭರವಸೆ ಇಲ್ಲವೆಂಬ ಸಣ್ಣ ಅಕ್ಷರದ ಸೂಚನೆ ಕೈಪಿಡಿಗಳಲ್ಲಿ ಇರುವುದುಂಟು. ಅದನ್ನು ಓದಿಕೊಳ್ಳುವುದು ಖರೀದಿದಾರರ ಹೊಣೆ.

ಒಳಗೇ ಚಲಿಸುವ ಝೂಮ್, ಹೊರಚಾಚುವ ಝೂಮ್

ಸಂಖ್ಯೆ ಇಲ್ಲದಿರುವಾಗ ರಚನೆಯನ್ನು ನೋಡಿ ನಿರ್ಧರಿಸಬೇಕಾಗುತ್ತದೆ. ಕೆಲವು ಲೆನ್ಸ್‌ಗಳಲ್ಲಿ ಝೂಮ್ ಬಳೆಯನ್ನು ತಿರುಗಿಸಿದಾಗ ಮುಂಭಾಗದ ಕೊಳವೆ ಹೊರಕ್ಕೆ ಚಾಚುತ್ತದೆ. ಒಳಗಿನ ಪೊಳ್ಳು ಹಿಗ್ಗಿ ಕುಗ್ಗುವುದರಿಂದ ಅದು ಪಿಸ್ಟನ್‌ನಂತೆ ಗಾಳಿಯನ್ನು ಎಳೆದು ಬಿಡುತ್ತದೆ. ಒದ್ದೆಯಾದ ಅಥವಾ ಮರಳು ಅಂಟಿದ ಕೊಳವೆಯನ್ನು ಒರೆಸದೆ ಒಳಸೇರಿಸಿದರೆ ತೇವವೂ ಕಣಗಳೂ ಸೀಲ್‌ಗೆ ಉಜ್ಜುತ್ತವೆ. ಇನ್ನು ಕೆಲವು ಲೆನ್ಸ್‌ಗಳಲ್ಲಿ ಮಸೂರಗಳು ಒಳಗೇ ಚಲಿಸುತ್ತವೆ. ಹೊರ ಉದ್ದ ಬದಲಾಗುವುದಿಲ್ಲ. ಮಳೆ ಮತ್ತು ಧೂಳಿನ ದೃಷ್ಟಿಯಿಂದ ಎರಡನೆಯದು ಮೇಲು.

ಸೋನಿ 200-600 ಮಿ.ಮೀ. (2019), ನಿಕಾನ್ ಝಡ್ 180-600 ಮಿ.ಮೀ. (2023), ಫ್ಯೂಜಿಫಿಲ್ಮ್ ಎಕ್ಸ್‌ಎಫ್ 150-600 ಮಿ.ಮೀ. (2022) ಇವು ಒಳಗೇ ಚಲಿಸುವ ಬಗೆಯವು. ಕ್ಯಾನನ್ ಆರ್‌ಎಫ್ 100-500 ಮಿ.ಮೀ. (2020), ನಿಕಾನ್ ಝಡ್ 100-400 ಮಿ.ಮೀ. (2021), ಸೋನಿ 100-400 ಮಿ.ಮೀ. (2017) ಹೊರಚಾಚುವವು. ಹೊರಚಾಚುವ ಬಗೆಗೆ ತನ್ನದೇ ಅನುಕೂಲವೂ ಇದೆ: ಚೀಲದಲ್ಲಿ ಕಡಿಮೆ ಜಾಗ, ಕೈಗೆ ಕಡಿಮೆ ಭಾರ. ಟ್ರೈಪಾಡ್ ಕಾಲರ್ ಹೊರತುಪಡಿಸಿ ಸೋನಿ 200-600ರ ತೂಕ 2115 ಗ್ರಾಂ. ಕ್ಯಾನನ್ 100-500ರದು 1370 ಗ್ರಾಂ. ಜೀಪಿನಲ್ಲಿ ಕುಳಿತು ಚಿತ್ರ ತೆಗೆಯುವವರಿಗೆ ಈ ವ್ಯತ್ಯಾಸ ಗೌಣ. ದಿನವಿಡೀ ನಿಂತು ಕೆಲಸ ಮಾಡುವವರಿಗೆ ಮುಖ್ಯ.

ಒಂದೇ ಸಂಸ್ಥೆಯ ಎಲ್ಲ ಲೆನ್ಸ್‌ಗಳಿಗೂ ಸೀಲಿಂಗ್ ಇರುತ್ತದೆಂಬ ಊಹೆಯೂ ತಪ್ಪು. ಕ್ಯಾನನ್ ಆರ್‌ಎಫ್ 100-400 ಮಿ.ಮೀ. (2021) 635 ಗ್ರಾಂ ತೂಗುವ ಅಗ್ಗದ, ಉಪಯುಕ್ತ ಲೆನ್ಸ್. ಆದರೆ ಅದಕ್ಕೆ ಹವಾಮಾನ ರಕ್ಷಣೆ ಇಲ್ಲ. ಹೆಸರಿನಲ್ಲಿ ಅದಕ್ಕೆ ಹತ್ತಿರವಾದ 100-500ಕ್ಕೆ ಇದೆ. ಬಾಡಿಗೆ ಅಂಗಡಿಯಲ್ಲಿ ಈ ಎರಡರ ನಡುವೆ ಗೊಂದಲವಾದರೆ ನಷ್ಟ ಮಾಲೀಕರದು.

ಬೆಳಕನ್ನು ಮರೆಯಬಾರದು

ಮಳೆಗೆ ಲೆನ್ಸ್ ಬೇಕೆನ್ನುವವರಿಗೆ ಮೋಡದ ಬೆಳಕಿಗೂ ಲೆನ್ಸ್ ಬೇಕು. ಎಫ್/2.8ಕ್ಕೆ ಹೋಲಿಸಿದರೆ ಎಫ್/5.6ರಲ್ಲಿ ಒಳಬರುವ ಬೆಳಕು ಕಾಲು ಭಾಗ ಮಾತ್ರ. ಕಾಡಿನ ನಸುಕಿನಲ್ಲಿ 600 ಮಿ.ಮೀ. ದೂರವ್ಯಾಪ್ತಿ ಇದ್ದೂ ಬೆಳಕು ಸಾಲದೆ ಚಿತ್ರ ಕದಡುವುದುಂಟು. ಪಕ್ಷಿಗಳಿಗೆ ದೂರವ್ಯಾಪ್ತಿಯೂ, ಸಂಜೆಯ ಕ್ರೀಡಾಕೂಟ ಮತ್ತು ಸಮಾರಂಭಗಳಿಗೆ 70-200 ಮಿ.ಮೀ. ಎಫ್/2.8 ವರ್ಗದ ಲೆನ್ಸ್‌ನ ಬೆಳಕೂ ಪ್ರಧಾನ. ಟೆಲಿಕನ್ವರ್ಟರ್ ಜೋಡಿಸಿ ದೂರವನ್ನು ಹೆಚ್ಚಿಸಿಕೊಳ್ಳಬಹುದಾದರೂ 1.4 ಪಟ್ಟಿನದು ಬೆಳಕನ್ನು ಅರ್ಧಕ್ಕೂ 2 ಪಟ್ಟಿನದು ಕಾಲು ಭಾಗಕ್ಕೂ ಇಳಿಸುತ್ತದೆ. ಜೊತೆಗೆ ಇನ್ನೊಂದು ಸಂದು ಸೇರುತ್ತದೆ.

ಕೆಸರು, ಉಪ್ಪು, ತೇವ

ಐಪಿ ಪರೀಕ್ಷೆಗಳಲ್ಲಿ ಬಳಸುವುದು ಶುದ್ಧ ನೀರು. ವೃತ್ತಿಯಲ್ಲಿ ಎದುರಾಗುವ ನೀರು ಹಾಗಿರುವುದಿಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಂಬಳದ ಋತುವಿನಲ್ಲಿ ಮಂಜೊಟ್ಟಿಯ ಬಳಿ ನಿಂತ ಛಾಯಾಗ್ರಾಹಕರತ್ತ ಚಿಮ್ಮಿ ಬರುವುದು ಕೆಸರು ಬೆರೆತ ನೀರು. ಅದರಲ್ಲಿನ ಸಣ್ಣ ಮರಳು ಝೂಮ್ ಬಳೆಯ ಸಂದಿನಲ್ಲಿ ಕುಳಿತು ಸೀಲನ್ನು ಸವೆಸುತ್ತದೆ. ಕೆಸರು ಒಣಗುವ ಮುನ್ನ, ಬಳೆಯನ್ನು ತಿರುಗಿಸದೆ, ಒದ್ದೆ ಬಟ್ಟೆಯಿಂದ ಒತ್ತಿ ತೆಗೆಯುವುದು ಸರಿಯಾದ ಕ್ರಮ. ಸಮುದ್ರ ತೀರದಲ್ಲಿ ಕೆಲಸ ಮಾಡಿದ ದಿನವೂ ಹೀಗೆಯೇ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಬೇಕು. ಉಳಿದ ಉಪ್ಪು ಲೋಹದ ಮೌಂಟ್, ತಿರುಪು ಮತ್ತು ವಿದ್ಯುತ್ ಸಂಪರ್ಕಗಳನ್ನು ತಿನ್ನುತ್ತದೆ.

ಮೂರನೆಯ ಶತ್ರು ಕಣ್ಣಿಗೆ ಕಾಣದ ತೇವ. ಸ್ಟುಡಿಯೊದವರು ಫಂಗಸ್ ಎಂದು ಕರೆಯುವ ಬೂಷ್ಟು ಒಳಗಿನ ಗಾಜಿನ ಮೇಲೆ ಬೆಳೆಯಲು ಮಳೆಯಲ್ಲಿ ನೆನೆಯಬೇಕೆಂದಿಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಟ್ಟು ಮರೆತರೆ ಸಾಕು. ಸೀಲಿಂಗ್ ಇದಕ್ಕೆ ಪರಿಹಾರವಲ್ಲ. ಸಾಪೇಕ್ಷ ಆರ್ದ್ರತೆಯನ್ನು ಶೇ. 40ರಿಂದ 50ರ ನಡುವೆ ಕಾಯುವ ಡ್ರೈ ಕ್ಯಾಬಿನೆಟ್, ಅದು ಸಾಧ್ಯವಾಗದಿದ್ದರೆ ಬಿಗಿ ಮುಚ್ಚಳದ ಡಬ್ಬಿ ಮತ್ತು ಆಗಾಗ್ಗೆ ಒಣಗಿಸಿದ ಸಿಲಿಕಾ ಜೆಲ್ ಅವಶ್ಯ. ಹವಾನಿಯಂತ್ರಿತ ಕೊಠಡಿಯಿಂದ ಹೊರಗಿನ ತೇವದ ಗಾಳಿಗೆ ಲೆನ್ಸ್ ಒಯ್ಯುವಾಗ ಚೀಲವನ್ನು ತಕ್ಷಣ ತೆರೆಯದೆ ಸ್ವಲ್ಪ ಹೊತ್ತು ಮುಚ್ಚಿಡಬೇಕು. ಇಲ್ಲವಾದರೆ ತಣ್ಣಗಿನ ಗಾಜಿನ ಮೇಲೆ ಮಂಜು ಕಟ್ಟುತ್ತದೆ.

ಖರೀದಿಯ ಲೆಕ್ಕಾಚಾರ

ಉದಾಹರಣೆಗೆ, ತೆರಿಗೆ ಹೊರತು 1,60,000 ರೂ. ಬೆಲೆಯ ಲೆನ್ಸ್ ಒಂದನ್ನು ಭಾವಿಸೋಣ. ಶೇ. 18ರ ಜಿಎಸ್‌ಟಿ 28,800 ರೂ. ಸೇರಿ ಪಾವತಿ 1,88,800 ರೂ. ಸಾಮಾನ್ಯ ಯೋಜನೆಯಲ್ಲಿ ನೋಂದಾಯಿತರಾಗಿ ವ್ಯವಹಾರಕ್ಕೇ ಲೆನ್ಸ್ ಬಳಸುವವರು ಈ ತೆರಿಗೆಯ ಹೂಡುವಳಿ ಜಮೆಯನ್ನು ಪಡೆಯಬಹುದು. ಆದರೆ ತೆರಿಗೆಯ ಮೊತ್ತದ ಮೇಲೂ ಸವಕಳಿ ಕೋರಿದರೆ ಜಮೆ ದೊರೆಯದು. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಮತ್ತು ನೋಂದಾಯಿಸದವರಿಗೆ ಪೂರ್ಣ ಮೊತ್ತವೇ ವೆಚ್ಚ. ದಿನದ ಬಾಡಿಗೆ 1,500 ರೂ. ಎಂದಿಟ್ಟುಕೊಂಡರೆ ಮೊದಲನೆಯವರಿಗೆ ಸುಮಾರು 107 ದಿನ, ಎರಡನೆಯವರಿಗೆ ಸುಮಾರು 126 ದಿನ ಓಡಿದ ಮೇಲೆ ಬಂಡವಾಳ ಹಿಂದಿರುಗುತ್ತದೆ. ನೀರು ಹೊಕ್ಕು ದುರಸ್ತಿಗೆ 45,000 ರೂ. ತೆರಬೇಕಾದರೆ ಇನ್ನೂ 30 ದಿನಗಳ ಬಾಡಿಗೆ ಅದಕ್ಕೇ ಸಲ್ಲುತ್ತದೆ. ದುರಸ್ತಿಯ ಅವಧಿಯಲ್ಲಿ ತಪ್ಪಿಹೋದ ಕೆಲಸದ ಲೆಕ್ಕ ಬೇರೆ.

ತಯಾರಕರ ವಾರಂಟಿ ಸಾಮಾನ್ಯವಾಗಿ ನೀರಿನಿಂದಾದ ಹಾನಿಯನ್ನು ಒಳಗೊಳ್ಳುವುದಿಲ್ಲ. ಸೀಲಿಂಗ್ ಇರುವ ಲೆನ್ಸ್‌ಗೂ ಇದೇ ನಿಯಮ. ಅಂಗಡಿಯ ಬೆಂಕಿ ಮತ್ತು ಕಳ್ಳತನದ ವಿಮೆಯು ಹೊರಾಂಗಣದ ಆಕಸ್ಮಿಕಕ್ಕೆ ಅನ್ವಯಿಸದಿರಬಹುದು. ಹೊರಗೆ ಒಯ್ಯುವ ಉಪಕರಣಗಳಿಗೆ ‘ಆಲ್ ರಿಸ್ಕ್’ ಮಾದರಿಯ ವಿಮೆಯನ್ನು ವಿಚಾರಿಸಿ, ನೀರಿನ ಹಾನಿ ಹಾಗೂ ಬಾಡಿಗೆಗೆ ನೀಡಿದಾಗಿನ ಹಾನಿ ಸೇರಿದೆಯೇ ಎಂಬುದನ್ನು ಬರಹದಲ್ಲಿ ಪಡೆಯಬೇಕು. ಬಿಲ್ಲಿಲ್ಲದೆ ಅಗ್ಗಕ್ಕೆ ದೊರೆಯುವ ಸರಕಿನಲ್ಲಿ ತೆರಿಗೆ ಜಮೆಯೂ ಇಲ್ಲ, ಭಾರತದ ವಾರಂಟಿಯೂ ಇಲ್ಲ, ವಿಮೆಗೆ ಬೇಕಾದ ದಾಖಲೆಯೂ ಇಲ್ಲ.

ಖರೀದಿಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

1. ಐಪಿ ಸಂಖ್ಯೆ ಘೋಷಿತವಾಗಿದೆಯೇ? ಇದ್ದರೆ ಅದು ಯಾವ ಕ್ಯಾಮೆರಾದೊಂದಿಗೆ ಜೋಡಿಸಿದಾಗ ಅನ್ವಯಿಸುತ್ತದೆ?

2. ಮೌಂಟ್‌ನಲ್ಲಿ ರಬ್ಬರ್ ಬಳೆ ಇದೆಯೇ? ಅದು ಹರಿದರೆ ಬದಲಾಯಿಸಲು ಬಿಡಿಭಾಗ ದೊರೆಯುವುದೇ?

3. ಝೂಮ್ ಒಳಗೇ ಚಲಿಸುವುದೇ, ಹೊರಚಾಚುವುದೇ?

4. ಈಗಿರುವ ಕ್ಯಾಮೆರಾ, ಅಡಾಪ್ಟರ್ ಮತ್ತು ಟೆಲಿಕನ್ವರ್ಟರ್‌ಗೂ ಸೀಲಿಂಗ್ ಇದೆಯೇ?

5. ಅಧಿಕೃತ ಸೇವಾ ಕೇಂದ್ರ ಎಲ್ಲಿದೆ? ದುರಸ್ತಿಗೆ ಎಷ್ಟು ದಿನ ಹಿಡಿಯುತ್ತದೆ?

6. ಬಳಸಿದ ಲೆನ್ಸ್ ಆದರೆ, ಟಾರ್ಚ್ ಬೆಳಕಿನಲ್ಲಿ ಒಳಗಿನ ಗಾಜಿನ ಮೇಲೆ ಬೂಷ್ಟಿನ ಎಳೆಗಳು ಕಾಣುತ್ತವೆಯೇ? ಬಳೆ ತಿರುಗಿಸಿದಾಗ ಮರಳು ಉಜ್ಜಿದ ಸದ್ದು ಬರುತ್ತದೆಯೇ?

ಮಾರಾಟಗಾರರಿಗೂ ಈ ಪಟ್ಟಿ ಉಪಯುಕ್ತ. ‘ಮಳೆಯಲ್ಲಿ ಏನೂ ಆಗುವುದಿಲ್ಲ’ ಎಂಬ ಬಾಯಿಮಾತಿನಿಂದ ಒಂದು ಲೆನ್ಸ್ ಮಾರಾಟವಾಗಬಹುದು. ಅದು ನೆನೆದು ಹಿಂದಿರುಗಿದ ದಿನ ಆ ಗಿರಾಕಿಯೂ ಅವರ ಪರಿಚಿತರೂ ದೂರವಾಗುತ್ತಾರೆ. ಎಷ್ಟು ಮಳೆಗೆ ಎಷ್ಟು ರಕ್ಷಣೆ ಎಂಬುದನ್ನು ಮೊದಲೇ ತಿಳಿಸಿ, ಲೆನ್ಸ್‌ನೊಂದಿಗೆ ಕೆಲವು ನೂರು ರೂಪಾಯಿಯ ಮಳೆ ಹೊದಿಕೆಯನ್ನೂ ಮಾರುವುದು ಇಬ್ಬರಿಗೂ ಲಾಭದಾಯಕ. ಸೀಲಿಂಗ್ ಇದ್ದರೂ ಹೊದಿಕೆ ಬೇಕು. ಹೊದಿಕೆಯನ್ನು ಹೊರತೆಗೆಯುವಷ್ಟರಲ್ಲಿ ಬಿದ್ದ ಮಳೆಯನ್ನು ಲೆನ್ಸ್ ತಾಳಿಕೊಂಡರೆ ಸೀಲಿಂಗ್‌ಗೆ ತೆತ್ತ ಹೆಚ್ಚಿನ ಬೆಲೆ ಸಾರ್ಥಕವಾಯಿತೆಂದೇ ತಿಳಿಯಬೇಕು.